ಹೊಸ ಕಲ್ಲು ಬೇಡ ಎಂದ ಅಕ್ಕ

ನಾನು ಕಲ್ಲಿನಲ್ಲಿ ಅಕ್ಷರ ಕೆತ್ತುವವನು. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ತಗಡಿನ ಸೂರಿನ ಒಂದು ಶೆಡ್ಡು, ಮುಂದೆ ಗೋಡೆಗೆ ಒರಗಿಸಿಟ್ಟ ಕರಿಕಲ್ಲಿನ ಚಪ್ಪಡಿಗಳು, ಒಳಗೆ ನೀರು ಚಿಮ್ಮಿಸುತ್ತ ಕೊಯ್ಯುವ ಒಂದು ಮಷೀನು. ಊಟಕ್ಕೆ ಕೂತಾಗಲೂ ನನ್ನ ರೆಪ್ಪೆಯ ಮೇಲೆ ಕಲ್ಲಿನ ಪುಡಿ ಇರುತ್ತದೆ. ಸಮಾಧಿ ಕಲ್ಲು, ಮನೆಯ ಹೆಸರು, ಅಂಗಡಿಯ ಬೋರ್ಡು, ಏನು ಬಂದರೂ ಮಾಡುತ್ತೇನೆ. ಆದರೆ ಬಹಳ ವರ್ಷ ನನ್ನ ಹೊಟ್ಟೆ ಹೊರೆದದ್ದು ಅಡಿಗಲ್ಲು. 'ಈ ಕಟ್ಟಡದ ಶಂಕುಸ್ಥಾಪನೆಯನ್ನು ಇಂಥವರು ನೆರವೇರಿಸಿದರು' ಎಂದು ಬಂಗಾರದ ಬಣ್ಣ ತುಂಬಿದ ಅಕ್ಷರಗಳಿರುತ್ತವಲ್ಲ, ಅದು.

ಎಲೆಕ್ಷನ್ ಹತ್ತಿರ ಬಂತೆಂದರೆ ನನ್ನ ಮಷೀನಿಗೆ ಉಸಿರಾಡಲು ಬಿಡುವಿರುತ್ತಿರಲಿಲ್ಲ. ಆಟದ ಮೈದಾನಕ್ಕೊಂದು ಕಲ್ಲು, ಕಾಲೇಜಿಗೊಂದು ಕಲ್ಲು, ಈಗಾಗಲೇ ಕಲ್ಲಿದ್ದ ಆಸ್ಪತ್ರೆಗೆ ಇನ್ನೊಂದು ಕಲ್ಲು. ಎಲೆಕ್ಷನ್ ಮುಗಿಯಿತೆಂದರೆ ಶೆಡ್ಡಿನಲ್ಲಿ ನೊಣ ಹೊಡೆಯುವುದೊಂದೇ ಕೆಲಸ. ಕಲ್ಲು ನೆಟ್ಟ ಜಾಗದಲ್ಲಿ ಮುಳ್ಳುಗಿಡ ಬೆಳೆಯುತ್ತಿತ್ತು. ಅದಕ್ಕೂ ನನಗೂ ಸಂಬಂಧವಿಲ್ಲ ಎಂದುಕೊಂಡಿದ್ದೆ.

ಆಗ ನಮ್ಮ ಪ್ರಾಂತ್ಯದ ಸರ್ಕಾರ ನಡೆಸುತ್ತಿದ್ದವರನ್ನು ಜನ ಅಡಿಗಲ್ಲು ಸಾಹೇಬರು ಎಂದೇ ಕರೆಯುತ್ತಿದ್ದರು. ದೊಡ್ಡ ಆಳು, ದೊಡ್ಡ ನಗು, ಎದುರಿಗೆ ಸಿಕ್ಕವರ ಹೆಗಲ ಮೇಲೆಲ್ಲ ಕೈ. ಊರಿನ ಹೊಳೆಗೆ ಸೇತುವೆ ಕಟ್ಟಿಸುತ್ತೇನೆಂದು ಎರಡು ಚುನಾವಣೆಯಲ್ಲಿ ಎರಡು ಸಲ ಅವರೇ ಕಲ್ಲು ಇಟ್ಟರು. ಎರಡನ್ನೂ ಕೆತ್ತಿದ್ದು ನಾನೇ. ಎರಡನೆಯದರಲ್ಲಿ ಅವರ ಹೆಸರಿನ ಅಕ್ಷರ ದಪ್ಪಗಿತ್ತು, ಅಷ್ಟೇ ವ್ಯತ್ಯಾಸ. ಮೊದಲ ಕಲ್ಲಿಗೆ ಹೊಳೆಯ ನಡುವೆ ಕಂಬಗಳು ಎದ್ದವು. ಎರಡನೆಯದಕ್ಕೆ ಆ ಕಂಬಗಳಿಗೆ ಸುಣ್ಣ ಬಳಿದರು. ಆಮೇಲೆ ಎಲ್ಲ ನಿಂತುಹೋಯಿತು. ಹೊಳೆಯಲ್ಲಿ ಕಂಬ, ಕಂಬದ ಮೇಲೆ ಕೊಕ್ಕರೆ.

ನನ್ನ ಹೆಂಡತಿ ಆಚೆ ದಡದ ಆಸ್ಪತ್ರೆಯಲ್ಲಿ ನರ್ಸು. ದಿನಾ ದೋಣಿಯಲ್ಲಿ ಹೋಗಿ ಬರುತ್ತಿದ್ದಳು. ಹೊಳೆ ಉಕ್ಕಿದರೆ ದೋಣಿ ನಿಲ್ಲುತ್ತಿತ್ತು, ಅವಳು ಅಲ್ಲೇ ಉಳಿಯುತ್ತಿದ್ದಳು. ಈ ದಡದಲ್ಲಿ ಬಸುರಿಯರು, ಆ ದಡದಲ್ಲಿ ಹೆರಿಗೆ ವಾರ್ಡು. ಸುತ್ತಿ ಬರುವ ರಸ್ತೆ ಹಿಡಿದರೆ ಅರ್ಧ ದಿನವೇ ಬೇಕು. "ನೀನು ಕೆತ್ತಿರೋ ಅಕ್ಷರ ಚೆನ್ನಾಗಿದೆ ಕಣ್ರೀ, ಅದರ ಮೇಲೆ ನಡ್ಕೊಂಡು ಹೋಗೋಕೆ ಆಗಿದ್ರೆ ಇನ್ನೂ ಚೆನ್ನಾಗಿರ್ತಿತ್ತು" ಎನ್ನುತ್ತಿದ್ದಳು. ಅವಳಿಗೆ ಕೋಪ ಬಂದರೆ 'ನೀನು', ಪ್ರೀತಿ ಬಂದರೆ 'ರೀ'. ಈ ಮಾತಿನಲ್ಲಿ ಎರಡೂ ಇತ್ತು.

ಇನ್ನು ನನ್ನ ಅಕ್ಕ. ಅಮ್ಮ ಹೋದಾಗ ನಾನಿನ್ನೂ ಚಿಕ್ಕವನು. ತಲೆ ಬಾಚಿ, ಬೈದು, ಬೆಳೆಸಿದ್ದು ಅವಳೇ. ಓದು ತಲೆಗೆ ಹತ್ತದ ನನ್ನನ್ನು ಕಲ್ಲು ಕೆಲಸದ ಮುದುಕ ಮೇಸ್ತ್ರಿಯ ಹತ್ತಿರ ಬಿಟ್ಟು ಬಂದವಳೂ ಅವಳೇ. ತಾನು ಮಾತ್ರ ಓದಿ ಸಹಕಾರ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿ ಮ್ಯಾನೇಜರ್ ಆದಳು. ಸಾಲ ಕೇಳಲು ಬಂದವರಿಗೆ ಅವಳದು ಒಂದೇ ಪ್ರಶ್ನೆ: "ಈ ದುಡ್ಡು ಏನು ದುಡಿಯುತ್ತೆ?" ಉತ್ತರ ಇದ್ದವರಿಗೆ ಸಾಲ, ಇಲ್ಲದವರಿಗೆ ಟೀ. ಇಷ್ಟಾದರೂ ಊರಿಗೆ ಊರೇ ಅವಳನ್ನು ನಂಬುತ್ತಿತ್ತು.

ಒಂದು ವರ್ಷ ಮೇಷ್ಟ್ರುಗಳಿಗೆ, ನರ್ಸುಗಳಿಗೆ ತಿಂಗಳುಗಟ್ಟಲೆ ಸಂಬಳವಾಗಲಿಲ್ಲ. ನಿವೃತ್ತರ ಪಿಂಚಣಿ ತಡವಾಯಿತು. ಜನ ರೊಚ್ಚಿಗೆದ್ದರು. ಎದುರು ಪಕ್ಷದವರು ಅಕ್ಕನನ್ನು ಎಳೆದು ತಂದು ಚುನಾವಣೆಗೆ ನಿಲ್ಲಿಸಿದರು. ಗೆದ್ದಳು, ಅವರ ಪಕ್ಷವೂ ಗೆದ್ದಿತು, ಹಣಕಾಸು ಖಾತೆ ಅವಳ ತಲೆಗೆ ಬಂತು. ಅವತ್ತು ನನ್ನ ಶೆಡ್ಡಿಗೆ ಬಂದವರೆಲ್ಲ ಒಂದೇ ಮಾತು: "ಅಕ್ಕನ ಕೈಲೇ ಖಜಾನೆ. ಇನ್ನು ನಿನಗೇನಪ್ಪ, ಕಲ್ಲಿನ ಬೆಟ್ಟಾನೇ ಕೊಂಡ್ಕೋ!" ನಾನೂ ಹಿಗ್ಗಿ ಇನ್ನೆರಡು ಲಾರಿ ಚಪ್ಪಡಿ ತರಿಸಿದೆ.

ಅಧಿಕಾರ ವಹಿಸಿಕೊಂಡ ಸ್ವಲ್ಪ ದಿನಕ್ಕೆ, ಒಂದು ಭಾನುವಾರ ಮಧ್ಯಾಹ್ನ, ಅಕ್ಕ ಒಬ್ಬಳೇ ಶೆಡ್ಡಿಗೆ ಬಂದಳು. ಕೊಯ್ದಿಟ್ಟ ಕಲ್ಲಿನ ಮೇಲೆ ಕೂತು ಚಪ್ಪಲಿ ಬಿಟ್ಟು ಪಾದ ಒತ್ತಿಕೊಂಡಳು. ಮುಖ ಬಾಡಿತ್ತು.

"ಖಜಾನೆ ಬಾಗಿಲು ತೆಗೆದು ನೋಡಿದೆ ಕಣೋ" ಎಂದಳು. "ಒಳಗೆ ದುಡ್ಡಿಲ್ಲ, ಸಾಲ ಇದೆ. ಬಂದ ತೆರಿಗೇಲಿ ಮೂರನೇ ಒಂದು ಭಾಗ ಬರೀ ಬಡ್ಡಿಗೆ ಹೋಗುತ್ತೆ. ಸೇತುವೆ ಹೆಸರಲ್ಲಿ ಎರಡು ಸಲ ಸಾಲ ತಂದಿದ್ದಾರೆ. ಎರಡಕ್ಕೂ ನಾವು ಬಡ್ಡಿ ಕಟ್ತಾ ಇದ್ದೀವಿ. ಸೇತುವೆ ಎಲ್ಲಿ?"

"ಆ ದುಡ್ಡು ಏನಾಯ್ತು?"

"ಎಲೆಕ್ಷನ್ ವರ್ಷ ದೀಪದ ಕಂಬ, ಕಮಾನು, ಮೆರವಣಿಗೆ, ಮನೆಮನೆಗೆ ಉಡುಗೊರೆ. ಯಾರೂ ಜೇಬಿಗೆ ಹಾಕ್ಕೊಂಡಿಲ್ಲ, ಅದೇ ಬೇಜಾರು. ಎಲ್ಲಾ ನಮಗೇ ಹಂಚಿದ್ದಾರೆ, ನಮ್ಮದೇ ಸಾಲ ತಂದು. ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು."

ನನ್ನ ಮುಖ ನೋಡದೆ ಹೇಳಿದಳು: "ನಾನೊಂದು ತೀರ್ಮಾನ ಮಾಡಿದ್ದೀನಿ. ಹೊಸ ಕಲ್ಲು ಇಡಲ್ಲ. ಅರ್ಧಕ್ಕೆ ನಿಂತಿರೋದನ್ನ ಮೊದಲು ಮುಗಿಸ್ತೀವಿ. ಸಂಬಳ, ಪಿಂಚಣಿ, ಆಮೇಲೆ ಸೇತುವೆ. ಅದು ಮುಗಿಯೋವರೆಗೂ ಇನ್ನೊಂದು ಅಡಿಗಲ್ಲು ಬೇಡ."

ನನ್ನ ಹಿಂದೆ ಹೊಸ ಚಪ್ಪಡಿಗಳು ಸಾಲಾಗಿ ನಿಂತಿದ್ದವು. "ಅಕ್ಕಾ, ಊರಿಗೆಲ್ಲ ಒಳ್ಳೇದು ಮಾಡೋಕೆ ಹೋಗಿ ತಮ್ಮನ ಹೊಟ್ಟೆ ಮೇಲೇ ಹೊಡೀತೀಯಲ್ಲ?" ಎಂದೆ.

"ಹೌದು" ಎಂದಳು. "ಅದಕ್ಕೇ ಪೇಪರಲ್ಲಿ ಬರೋಕೆ ಮುಂಚೆ ನಾನೇ ಬಂದು ಹೇಳ್ತಿದ್ದೀನಿ."

ಮನೆಗೆ ಬಂದು ಹೆಂಡತಿಯ ಮುಂದೆ ಕೂಗಾಡಿದೆ. ಅವಳು ಬಿದ್ದು ಬಿದ್ದು ನಕ್ಕಳು. "ಅತ್ತಿಗೆ ಮಂತ್ರಿ ಆದ್ರು ಅಂತ ಲಾರಿಗಟ್ಟಲೆ ಕಲ್ಲು ತರಿಸಿದ್ರಲ್ಲ, ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿದ ಹಾಗೆ! ಅದೇ ಕಲ್ಲಲ್ಲಿ ಅಡುಗೆ ಕಟ್ಟೆ ಮಾಡಿ. ಊರಲ್ಲಿ ಅಡುಗೆ ಮಾಡದ ಮನೆ ಇಲ್ಲ." ಗಂಡಸಿಗೆ ತಕ್ಷಣ ಒಪ್ಪುವುದು ಕಷ್ಟ, ನಾನು ಒಂದು ವಾರ ಮುಖ ಊದಿಸಿಕೊಂಡಿದ್ದೆ. ಆಮೇಲೆ ಅಳತೆ ಟೇಪು ಹಿಡಿದು ಮನೆಮನೆಗೆ ಹೊರಟೆ.

ಆ ವರ್ಷಗಳು ಸುಲಭದ್ದಲ್ಲ. ಅಡುಗೆ ಕಟ್ಟೆಯ ಅಂಚನ್ನು ದುಂಡಗೆ ಉಜ್ಜಬೇಕು, ಸಿಂಕಿಗೆ ಸರಿಯಾಗಿ ರಂಧ್ರ ಕೊಯ್ಯಬೇಕು. ಕೆತ್ತುವವನ ಕೈಗೆ ಅದು ಬೇರೆಯೇ ವಿದ್ಯೆ. ಎಷ್ಟೋ ಚಪ್ಪಡಿ ಒಡೆದೆ. ಆದರೆ ತಿಂಗಳಾಗುತ್ತಿದ್ದಂತೆ ಹೆಂಡತಿಯ ಸಂಬಳ ಬರತೊಡಗಿತು. ಎಷ್ಟೋ ಮನೆಗಳಲ್ಲಿ ಹಾಗೆಯೇ. ಕಿಸೆಯಲ್ಲಿ ದುಡ್ಡಿದ್ದ ಮೇಷ್ಟ್ರು ಅಡುಗೆಮನೆ ರಿಪೇರಿ ಮಾಡಿಸುತ್ತಾರೆ, ಅಡುಗೆಮನೆ ರಿಪೇರಿಯಾದರೆ ನನಗೆ ಕೆಲಸ. ಇಷ್ಟು ಹತ್ತಿರದ ನಂಟು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಅಕ್ಕನಿಗೆ ಜನ ಜಿಪುಣಮ್ಮ ಎಂದು ಹೆಸರಿಟ್ಟರು. ಅವಳ ಕಚೇರಿಯ ಕುರ್ಚಿಯ ಬಟ್ಟೆ ಹರಿದಿತ್ತು, ಹೊಲಿಸಿದಳೇ ಹೊರತು ಹೊಸದು ತರಿಸಲಿಲ್ಲ. ಅವಳ ಪಕ್ಷದವರೇ ಹಿಂದೆ ಆಡಿಕೊಳ್ಳುತ್ತಿದ್ದರು. ಭಾವ ಮಾತ್ರ ತಮಾಷೆಯ ಮನುಷ್ಯ: "ನಮ್ಮನೇಲೂ ಅಷ್ಟೇ ಕಣಯ್ಯಾ. ಹೊಸ ಅಂಗಿ ಬೇಕಂದ್ರೆ, ಹಳೇದರ ಗುಂಡಿ ಎಲ್ಲಾ ಇದೆಯಾ ಅಂತ ಎಣಿಸ್ತಾಳೆ."

ಎರಡು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಹೊಳೆಯ ದಡದಲ್ಲಿ ಕ್ರೇನು ಬಂದು ನಿಂತಿತು. ಕೊಕ್ಕರೆಗಳು ಹಾರಿಹೋದವು. ಇಡೀ ಊರು ದಡಕ್ಕೆ ಓಡಿತು. ಕಂಬದಿಂದ ಕಂಬಕ್ಕೆ ಮೊದಲ ತೊಲೆ ಕೂತಾಗ ದೋಣಿಯವನು ಹೊಳೆಯ ಮಧ್ಯೆ ಹುಟ್ಟು ನಿಲ್ಲಿಸಿ ತಲೆ ಎತ್ತಿ ನೋಡುತ್ತಲೇ ಇದ್ದ. ಅವನ ದೋಣಿಯಲ್ಲಿದ್ದ ನನ್ನ ಹೆಂಡತಿ ಚಪ್ಪಾಳೆ ತಟ್ಟಿದಳಂತೆ. ಆಮೇಲೆ ಅವನ ಮುಖ ನೋಡಿ ನಾಚಿಕೆಯಾಯಿತಂತೆ. ಸೇತುವೆಯಾದರೆ ಅವನ ಹೊಟ್ಟೆಪಾಡು ಹೋಯಿತಲ್ಲ ಎಂದು ಅಕ್ಕನ ಕಿವಿಗೆ ಹಾಕಿದಳು. ದಡದ ಹಳೇ ಸಂತೆಯಲ್ಲಿ ಜಾಗ ಹಂಚುವಾಗ ದೋಣಿಯವನಿಗೆ ಮೀನು ಮಾರುವ ಒಂದು ಕಟ್ಟೆ ಸಿಕ್ಕಿತು.

ಅಷ್ಟರಲ್ಲಿ ಮತ್ತೆ ಚುನಾವಣೆಯ ವರ್ಷ ಬಂತು.

ಸೇತುವೆಯ ಕೆಲಸ ಆಚೆ ದಡದ ಹತ್ತಿರ ನಿಧಾನವಾಯಿತು. ಅಲ್ಲಿ ತಳದಲ್ಲಿ ಗಟ್ಟಿ ನೆಲ ಸಿಗದೆ ಮತ್ತಷ್ಟು ಆಳ ತೋಡಬೇಕಾಗಿತ್ತು. ಕೊನೆಯ ಕಂಬದಿಂದ ದಡಕ್ಕೆ ಹಾಯುವ ಅಂಕಣ ಮತ್ತು ಆಚೆಯ ರಸ್ತೆ ಉಳಿದಿದ್ದವು. ಅಕ್ಕನ ಪಕ್ಷದ ಮುಖಂಡರು, ಅಂದರೆ ಆಗ ಸರ್ಕಾರದ ಮುಖ್ಯಸ್ಥರಾಗಿದ್ದವರು, ನಾಲ್ಕಾರು ಜನರನ್ನು ಕಟ್ಟಿಕೊಂಡು ಅಕ್ಕನ ಮನೆಗೆ ಬಂದರು. ಅವಳ ಅಡುಗೆ ಕಟ್ಟೆ ಕೂರಿಸುತ್ತ ನಾನು ಒಳಗೇ ಇದ್ದೆ. ಬಾಗಿಲು ತೆರೆದೇ ಇತ್ತು.

"ನೋಡಮ್ಮಾ" ಎಂದರು ಮುಖ್ಯಸ್ಥರು, "ನಾಲ್ಕು ವರ್ಷ ನೀನು ಹೇಳಿದ ಹಾಗೆ ಹೊಟ್ಟೆ ಕಟ್ಟಿದ್ವಿ. ಈಗ ಎಲೆಕ್ಷನ್ನು. ಊರೂರಿಗೆ ಒಂದೊಂದು ಕಲ್ಲು ಇಡಬೇಕು, ಮನೆಮನೆಗೆ ಏನಾದ್ರೂ ಕೊಡಬೇಕು. ಒಂದು ದೊಡ್ಡ ಸಾಲ ತರೋಣ. ನಿನ್ನ ಸಹಿ ಒಂದು ಸಾಕು."

"ತೀರಿಸೋದು?"

"ಗೆದ್ರೆ ನಾವೇ ಹೇಗೋ ನೋಡ್ಕೋತೀವಿ. ಸೋತ್ರೆ ಅದು ಅವರ ತಲೆನೋವು!" ಎಂದು ಒಬ್ಬ ನಕ್ಕ.

ಅಕ್ಕ ನಗಲಿಲ್ಲ. "ನಾನು ಸಾಲದ ವಿರೋಧಿ ಅಲ್ಲ. ನನ್ನ ತಮ್ಮ ಸಾಲ ಮಾಡೇ ಕಲ್ಲು ಕೊಯ್ಯೋ ಮಷೀನು ತಂದ. ಆ ಮಷೀನೇ ದುಡಿದು ಸಾಲ ತೀರಿಸ್ತು. ಸೇತುವೆಯ ಕೊನೆ ಅಂಕಣಕ್ಕೆ, ಆಚೆ ರಸ್ತೆಗೆ ಸಾಲ ತನ್ನಿ, ಈ ಕ್ಷಣ ಸಹಿ ಹಾಕ್ತೀನಿ. ಆ ದುಡ್ಡು ದುಡಿಯುತ್ತೆ. ಕಮಾನು, ಉಡುಗೊರೆಗೆ ಹಾಕಲ್ಲ."

ಮುಖ್ಯಸ್ಥರ ತಾಳ್ಮೆ ತಪ್ಪಿತು. "ಅಮ್ಮಾ, ಆ ಸೇತುವೆ ಬುಡದಲ್ಲಿ ಅಡಿಗಲ್ಲು ಸಾಹೇಬನ ಹೆಸರಿದೆ! ಎಲೆಕ್ಷನ್ ಒಳಗೆ ಅದು ಮುಗಿಯೋದೂ ಇಲ್ಲ. ಸೋತ್ರೆ, ನಾವು ಕಟ್ಟಿದ್ದಕ್ಕೆ ಅವನು ರಿಬ್ಬನ್ ಕತ್ತರಿಸ್ತಾನೆ. ಗೊತ್ತಾ ನಿನಗೆ?"

"ಗೊತ್ತು" ಎಂದಳು ಅಕ್ಕ. "ಹೆಸರು ಯಾರದ್ದಾದ್ರೇನು, ದಾಟೋರು ನಮ್ಮ ಜನ ತಾನೇ?"

ಅವರು ಟೀ ಮುಟ್ಟದೆ ಎದ್ದು ಹೋದರು. ಮರುದಿನ ಅದೇ ಪಕ್ಷದ ಇಬ್ಬರು ನನ್ನ ಶೆಡ್ಡಿಗೆ ಬಂದು ರಾಶಿ ಅಡಿಗಲ್ಲಿಗೆ ಆರ್ಡರ್ ಕೊಡುತ್ತೇವೆ, ಮುಂಗಡ ಇಟ್ಟುಕೋ, ಅಕ್ಕನಿಗೆ ನೀನೇ ಬುದ್ಧಿ ಹೇಳು ಎಂದರು. ನಾನು ಮೊದಲಿನ ನಾನಾಗಿದ್ದರೆ ಏನು ಹೇಳುತ್ತಿದ್ದೆನೋ. "ಅಣ್ಣಾ, ಕೈತುಂಬ ಅಡುಗೆ ಕಟ್ಟೆ ಕೆಲಸ ಇದೆ. ಅಕ್ಕನಿಗೆ ಬುದ್ಧಿ ಹೇಳೋಕೆ ನನ್ನ ಹತ್ತಿರ ಅಷ್ಟು ಬುದ್ಧಿನೂ ಇಲ್ಲ" ಎಂದು ಕೈಮುಗಿದೆ. ದೊಡ್ಡಸ್ತಿಕೆಯಲ್ಲ, ನಿಜವಾಗಿಯೂ ಕೈತುಂಬ ಕೆಲಸವಿತ್ತು.

ಅಕ್ಕನ ಸಹಿಯಿಲ್ಲದೆ ಬೇರೆ ಸಾಲ ಹುಟ್ಟುವಂತಿರಲಿಲ್ಲ, ಕೊನೆಗೆ ಸೇತುವೆಯ ಸಾಲ ಒಂದೇ ಬಂತು. ಆ ದುಡ್ಡನ್ನು ಬೇರೆ ಯಾವುದಕ್ಕೂ ಮುಟ್ಟುವಂತಿಲ್ಲ ಎಂದು ಅಕ್ಕ ಶಾಸನಸಭೆಯಲ್ಲಿ ಎರಡೂ ಪಕ್ಷದವರ ಎದುರು ನಿರ್ಣಯ ಮಾಡಿಸಿದಳು.

ಚುನಾವಣೆಯಲ್ಲಿ ಅಕ್ಕ ಸೋತಳು. ಪಕ್ಷವೂ ಸೋತಿತು. ಅಡಿಗಲ್ಲು ಸಾಹೇಬರು ದೊಡ್ಡ ನಗುವಿನೊಂದಿಗೆ ವಾಪಸು ಬಂದರು. ಆ ಸಂಜೆ ಅಕ್ಕನ ಮನೆಯ ಮುಂದೆ ಒಂದು ಸೈಕಲ್ಲೂ ಇರಲಿಲ್ಲ. ಭಾವ ತಟ್ಟೆ ಹಾಕಿದರು, ಎಲ್ಲರೂ ಕೂತು ಉಂಡೆವು. ಅಕ್ಕ ಒಂದೇ ಮಾತು ಹೇಳಿದಳು: "ಸೇತುವೆ ನಿಲ್ಲಿಸ್ತಾರೇನೋ." ತಾನು ಸೋತೆ ಎಂದು ಅಲ್ಲ. ಸೇತುವೆ ನಿಲ್ಲಿಸುತ್ತಾರೇನೋ ಎಂದು.

ಮುಂದಿನ ವಾರ ನನ್ನನ್ನು ಕರೆದುಕೊಂಡು ಸಾಹೇಬರ ಕಚೇರಿಗೆ ಹೊರಟಳು. "ಯಾಕಕ್ಕಾ, ಸೋತವರು ಗೆದ್ದವರ ಬಾಗಿಲಿಗೆ ಹೋಗ್ತಾರಾ?" ಎಂದೆ. "ಬ್ಯಾಂಕಲ್ಲಿದ್ದಾಗ ಸಾಲ ವಸೂಲಿಗೆ ಎಷ್ಟು ಜನರ ಬಾಗಿಲಿಗೆ ಹೋಗಿಲ್ಲ ನಾನು" ಎಂದು ಸೆರಗು ಸರಿಮಾಡಿಕೊಂಡಳು.

ಹಾರಗಳ ರಾಶಿಯ ನಡುವೆ ಸಾಹೇಬರು ಕೂತಿದ್ದರು. ಅಕ್ಕನನ್ನು ಕಂಡು ಎದ್ದು ನಿಂತರು. ಸುತ್ತಲಿದ್ದವರನ್ನು ಆಚೆ ಕಳಿಸಿದರು. ನಾನು ಬಾಗಿಲ ಬಳಿ ನಿಂತೆ. ಕಲ್ಲಿನವನೆಂದು ಗುರುತು ಹಿಡಿದು ನನಗೂ ಕುರ್ಚಿ ತೋರಿಸಿದರು.

ಅಕ್ಕ ನೇರವಾಗಿ ಹೇಳಿದಳು: "ಸಾಹೇಬರೇ, ಸೇತುವೆ ಕಲ್ಲಲ್ಲಿ ನಿಮ್ಮ ಹೆಸರಿದೆ. ದುಡ್ಡು ಎತ್ತಿಟ್ಟಿದ್ದೀನಿ. ಮುಗಿಸಿ. ಹೆಸರು ಪೂರ್ತಿ ನೀವೇ ತಗೊಳ್ಳಿ, ನಾನು ಒಂದು ಮಾತೂ ಆಡಲ್ಲ."

ಸಾಹೇಬರು ಕೊರಳಿನ ಹಾರ ತೆಗೆದು ಪಕ್ಕಕ್ಕಿಟ್ಟರು. ಆ ಮನುಷ್ಯ ನಗದೆ ಇದ್ದದ್ದನ್ನು ನಾನು ಅವತ್ತೇ ನೋಡಿದ್ದು.

"ಅಮ್ಮಾ" ಎಂದರು, "ನಿನ್ನೆ ಖಜಾನೆ ಲೆಕ್ಕ ತರಿಸ್ಕೊಂಡು ನೋಡಿದೆ. ಹೋಗೋ ಸರ್ಕಾರ ಗುಡಿಸಿ ಹಾಕಿ ಹೋಗುತ್ತೆ ಅಂತ ಗಟ್ಟಿ ಮನಸ್ಸು ಮಾಡ್ಕೊಂಡಿದ್ದೆ. ಯಾಕಂದ್ರೆ ನಾನು ಹೋಗುವಾಗ ಹಾಗೇ ಹೋಗಿದ್ದೆ. ಆದ್ರೆ ಸಂಬಳಕ್ಕೆ ದುಡ್ಡಿದೆ, ಬಡ್ಡಿ ಹೊರೆ ಇಳಿದಿದೆ, ಸೇತುವೆ ದುಡ್ಡು ಬೇರೆ ಇದೆ. ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಅದನ್ನ ಖರ್ಚು ಮಾಡಿ ಗೆದ್ದಿರ್ತಿದ್ದೆ."

"ಗೆಲ್ತಿದ್ರಿ" ಎಂದು ಅಕ್ಕ ಒಪ್ಪಿದಳು.

"ನನಗೆ ನೀವು ಕೊಟ್ಟಿರೋದು ಚಿಕ್ಕದಲ್ಲಮ್ಮ. ಬಂದ ಮೊದಲ ದಿನ ಯಾರ ಮುಂದೇನೂ ಕೈ ಚಾಚದೆ ಕೂತಿದ್ದೀನಿ. ಇದಕ್ಕೆ ಮುಂಚೆ ಆ ಭಾಗ್ಯ ಕಂಡಿರಲಿಲ್ಲ." ಅವರು ಎದ್ದು ಬಂದು ಅಕ್ಕನಿಗೆ ಕೈಮುಗಿದರು. "ಸೇತುವೆ ಮುಗಿಸ್ತೀನಿ. ಮಾತು ಕೊಟ್ಟೆ."

ಸಾಹೇಬರ ಮಾತುಗಳನ್ನು ಕೆತ್ತಿ ಕೆತ್ತಿ ಅವುಗಳ ಬೆಲೆ ಎಷ್ಟೆಂದು ನನಗೆ ಗೊತ್ತಿತ್ತು. ದಾರಿಯುದ್ದಕ್ಕೂ ಅನುಮಾನ ಪಟ್ಟೆ. ಆದರೆ ಆ ಸಲ ಅವರು ಮಾತು ಉಳಿಸಿಕೊಂಡರು. ಮರುವರ್ಷದ ಬೇಸಿಗೆಯಲ್ಲಿ ಕೊನೆಯ ಅಂಕಣ ಕೂತಿತು. ಉದ್ಘಾಟನೆಯ ದಿನ ಅವರು ರಿಬ್ಬನ್ ಕತ್ತರಿಸಿದ್ದೂ ಹೌದು, ಉದ್ದ ಭಾಷಣ ಮಾಡಿದ್ದೂ ಹೌದು. ಆದರೆ ಭಾಷಣದ ಮಧ್ಯೆ ನಿಲ್ಲಿಸಿ, ಗುಂಪಿನ ಹಿಂದೆ ಕೊಡೆ ಹಿಡಿದು ನಿಂತಿದ್ದ ಅಕ್ಕನ ಕಡೆ ಬೆರಳು ತೋರಿಸಿ, "ಕಲ್ಲು ಇಟ್ಟಿದ್ದು ನಾನು, ಸೇತುವೆ ಕಟ್ಟಿದ್ದು ಆ ತಾಯಿ" ಎಂದುಬಿಟ್ಟರು. ಅಕ್ಕ ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದಳು.

ಅಂದು ಸಂಜೆ ನನ್ನ ಹೆಂಡತಿ ಆಸ್ಪತ್ರೆಯಿಂದ ನಡೆದುಕೊಂಡೇ ಮನೆಗೆ ಬಂದಳು. ಬೆಳಕಿರುವಾಗಲೇ ಬಂದಳು. ಹೊಸ್ತಿಲಲ್ಲಿ ನಿಂತು "ಏನ್ರೀ, ನಾನು ಬಂದೆ" ಎಂದಳು, ದಿನಾ ಹೇಳುವ ಮಾತೇ; ನಾವಿಬ್ಬರೂ ಯಾಕೋ ಮಕ್ಕಳ ಹಾಗೆ ನಕ್ಕೆವು.

ಆಮೇಲಿನದು ನೀವೇ ಊಹಿಸಬಹುದು. ಆಚೆ ದಡದ ಬಯಲಿನಲ್ಲಿ ಮೊದಲು ಕಬ್ಬಿಣದ ಬೀರು ಮಾಡುವ ಒಂದು ಕಾರ್ಖಾನೆ ಬಂತು, ಆಮೇಲೆ ಹೊಲಿಗೆಯ ಘಟಕ, ಆಮೇಲೆ ಶೀತಲ ಗೋದಾಮು. ಬಾಡಿಗೆ ಮನೆಗಳು ಎದ್ದವು, ಮನೆ ಎಂದಮೇಲೆ ಅಡುಗೆ ಕಟ್ಟೆ. ಶೆಡ್ಡಿನಲ್ಲಿ ಈಗ ನನ್ನ ಜೊತೆ ಮೂವರು ಕೆಲಸ ಮಾಡುತ್ತಾರೆ. ಎಲೆಕ್ಷನ್ ಬಂದರೂ ಹೋದರೂ ನಮ್ಮ ಮಷೀನು ಒಂದೇ ಸಮನೆ ಓಡುತ್ತದೆ. ಎಲ್ಲವೂ ಸರಿಹೋಯಿತು ಎನ್ನಲಾರೆ. ಸಾಹೇಬರನ್ನು ಹಳೇ ಚಾಳಿ ಪೂರ್ತಿ ಬಿಟ್ಟಿಲ್ಲ. ಕಳೆದ ಎಲೆಕ್ಷನ್ ಹೊತ್ತಿಗೆ ಒಂದು ಸಂಗೀತ ಕಾರಂಜಿಗೆ ಆಸೆಪಟ್ಟರು. ಸಭೆಯಲ್ಲಿ ಅವರ ಪಕ್ಷದವರೇ ಒಬ್ಬರು ಎದ್ದು "ಈ ದುಡ್ಡು ಏನು ದುಡಿಯುತ್ತೆ?" ಎಂದು ಕೇಳಿದರಂತೆ. ಕಾರಂಜಿ ಅಲ್ಲಿಗೆ ನಿಂತಿತು.

ಅಕ್ಕ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ವಾರಕ್ಕೆರಡು ದಿನ ಹೆಣ್ಣುಮಕ್ಕಳಿಗೆ ಬ್ಯಾಂಕ್ ವ್ಯವಹಾರ ಹೇಳಿಕೊಡುತ್ತಾಳೆ, ಭಾನುವಾರ ನನ್ನ ಶೆಡ್ಡಿಗೆ ಬಂದು ಕೂತು ನನ್ನ ಕೆಲಸದಲ್ಲಿ ತಪ್ಪು ಹುಡುಕುತ್ತಾಳೆ.

ಹೋದ ತಿಂಗಳು ಹಾಗೆ ಕೂತಿದ್ದಾಗ ನಮ್ಮ ಪ್ರೈಮರಿ ಶಾಲೆಯ ಮೇಷ್ಟ್ರು ಬಂದರು. ತುಂಬಾ ವಯಸ್ಸಾಗಿದೆ, ಕೋಲು ಹಿಡಿದಿದ್ದಾರೆ. ಕಲ್ಲಿನ ಧೂಳಿನಲ್ಲಿ ಕಣ್ಣು ಕಿರಿದು ಮಾಡಿ ನನ್ನನ್ನು ಕೇಳಿದರು: "ಏ ದಡ್ಡಾ, ನಿನ್ನಕ್ಕ ಇಲ್ಲಿ ಬರ್ತಾಳೆ ಅಂದ್ರು?"

"ಇಲ್ಲೇ ಇದ್ದೀನಿ ಮೇಷ್ಟ್ರೇ" ಎಂದು ಅಕ್ಕ ಎದ್ದಳು.

ಮೇಷ್ಟ್ರು ಕೋಲನ್ನು ನನ್ನ ಕೈಗೆ ಕೊಟ್ಟು ಅಕ್ಕನ ಎರಡೂ ಕೈ ಹಿಡಿದುಕೊಂಡರು. "ತಿಂಗಳ ಮೊದಲನೇ ತಾರೀಖು ಪಿಂಚಣಿ ಬರುತ್ತೆ ತಾಯಿ. ನಮ್ಮಾಕೆ ಮಾತ್ರೆ ತಪ್ಪಿಲ್ಲ. ಮುಂಚೆ ಔಷಧಿ ಅಂಗಡಿಯವನ ಹತ್ತಿರ ಸಾಲಕ್ಕೆ ಹೋಗಿ ನಿಂತ್ಕೊಳ್ತಿದ್ದೆ. ಪಾಠ ಹೇಳಿದ ಹುಡುಗನ ಮುಂದೆ. ಈಗ ಹಾಗಿಲ್ಲ. ಇದನ್ನ ಹೇಳ್ಬೇಕು ಅನ್ನಿಸ್ತು. ನಾನು ನಿಮಗೆ ಓಟು ಹಾಕಿರಲಿಲ್ಲ ಕಣಮ್ಮ."

ಅಮ್ಮ ಹೋದಾಗ ನನಗೋಸ್ಕರ ಅಳು ತಡೆದವಳು, ಸೋತ ಸಂಜೆ ಕಣ್ಣಲ್ಲಿ ಹನಿ ಕಾಣಿಸದವಳು, ಧೂಳು ಹಿಡಿದ ನನ್ನ ಶೆಡ್ಡಿನಲ್ಲಿ ಮೇಷ್ಟ್ರ ಕೈ ಹಿಡಿದು ಗೊಳೋ ಎಂದು ಅತ್ತಳು. ಮೇಷ್ಟ್ರು ಗಾಬರಿಯಾಗಿ "ಏನಾಯ್ತೋ?" ಎಂದು ನನ್ನ ಕಡೆ ನೋಡಿದರು. ಏನೂ ಆಗಿಲ್ಲ ಎಂದು ಕೈಸನ್ನೆ ಮಾಡಿ ಮಷೀನು ಆಫ್ ಮಾಡಿದೆ. ನನಗೂ ಅವಳಿಗೆ ಹೇಳುವುದು ಬೇಕಾದಷ್ಟಿತ್ತು. ಮೇಷ್ಟ್ರ ಹಾಗೆ ಹೇಳಲು ಬಾಯಿ ಬರಲಿಲ್ಲ.

"ಅಕ್ಕಾ, ಟೀ ತರಿಸ್ಲಾ?" ಎಂದೆ.

ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಮೂರು ಹೇಳು. ಮೇಷ್ಟ್ರಿಗೆ ಸಕ್ಕರೆ ಕಡಿಮೆ, ನನಗೆ ಜಾಸ್ತಿ" ಎಂದಳು.